ಮೂವತ್ತಾರನೆಯ ಮಗು

ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದು ತರಗತಿಗೆ 35 ಮಕ್ಕಳು ಸೇರಿದರೆ ಒಂದೇ ವಿಭಾಗ, ಒಬ್ಬರೇ ತರಗತಿ ಶಿಕ್ಷಕರು. ಮೂವತ್ತಾರನೆಯ ಮಗು ಬಂದು ಸೇರಿದರೆ ವಿಭಾಗ ಎರಡಾಗುತ್ತದೆ: ಇಲ್ಲಿ 18, ಅಲ್ಲಿ 18, ಜೊತೆಗೆ ಇನ್ನೊಬ್ಬ ಶಿಕ್ಷಕರು. ಇದಕ್ಕಾಗಿ ಮುಖ್ಯ ಶಿಕ್ಷಕರು ಮೇಲಿನವರಿಗೆ ಮನವಿ ಬರೆದು ಕಾಯಬೇಕಿಲ್ಲ. 1958ರ ಒಂದು ಕಾನೂನು ಲೆಕ್ಕವನ್ನು ಮೊದಲೇ ಹಾಕಿಟ್ಟಿದೆ. ವಿಭಾಗಕ್ಕೆ ಗರಿಷ್ಠ ಎಷ್ಟು ಮಕ್ಕಳು ಎಂಬುದರಿಂದ ಎಷ್ಟು ವಿಭಾಗ ಎಂಬುದು ಹೊರಡುತ್ತದೆ, ಅದರಿಂದ ಎಷ್ಟು ಶಿಕ್ಷಕರು, ಅದರಿಂದ ಎಷ್ಟು ಸಂಬಳದ ಹಣ. ಆ ಸಂಬಳದ ಮೂರನೇ ಒಂದು ಪಾಲು ಕೇಂದ್ರದ ಖಜಾನೆಯಿಂದ ಬರುತ್ತದೆ, ಉಳಿದದ್ದು ಪ್ರಾಂತ್ಯ ಸರ್ಕಾರದ ಹೊಣೆ.

ಈ ಗರಿಷ್ಠ ಸಂಖ್ಯೆ 1980ರಲ್ಲಿ 40ಕ್ಕೆ ಇಳಿದಿತ್ತು. ಇಡೀ ಪ್ರಾಥಮಿಕ ಶಾಲೆಗೆ ಅದನ್ನು 35 ಮಾಡುವ ತಿದ್ದುಪಡಿ ಬಂದದ್ದು 2021ರಲ್ಲಿ. ಒಂದನೇ ತರಗತಿಗೆ 2011ರಲ್ಲೇ ಆಗಿತ್ತು. ಉಳಿದವನ್ನು ವರ್ಷಕ್ಕೊಂದರಂತೆ ಹತ್ತಿಸಿ 2025ರಲ್ಲಿ ಆರನೇ ತರಗತಿಗೆ ಮುಟ್ಟಿಸಿದರು. ಬರೀ ಐದು ಮಕ್ಕಳನ್ನು ಇಳಿಸಲು ಇಷ್ಟು ವರ್ಷ ಯಾಕೆ ಎಂದರೆ, ಆ ಐದರ ಹಿಂದೆ ಸಾವಿರಾರು ಕೋಣೆಗಳೂ ಹುದ್ದೆಗಳೂ ಇವೆ. ಒಂದೇ ಏಟಿಗೆ ಇಳಿಸಿದ್ದರೆ ಹುದ್ದೆ ಮಂಜೂರಾಗುತ್ತಿತ್ತು, ಶಿಕ್ಷಕರು ಸಿಗುತ್ತಿರಲಿಲ್ಲ. ಹಂತ ಹಂತವಾಗಿ ಮಾಡಿದರೂ ಅಲ್ಲಿ ಶಿಕ್ಷಕರ ಕೊರತೆ ಕಾಡುತ್ತಲೇ ಇದೆ.

ಈಗ ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿರುವ ಅನುಸೂಚಿಯನ್ನು ತೆಗೆಯಿರಿ. ಒಂದರಿಂದ ಐದನೇ ತರಗತಿಯವರೆಗೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಮೇಲ್ನೋಟಕ್ಕೆ ಇದು ಜಪಾನಿಗಿಂತ ಉದಾರ. ಮೂವತ್ತು ಮಕ್ಕಳಿಗೆ ಒಬ್ಬರು. ಆದರೆ ಜಪಾನ್ ಎಣಿಸುವುದು ಒಂದು ತರಗತಿಯ ಮಕ್ಕಳನ್ನು, ಭಾರತ ಎಣಿಸುವುದು ಇಡೀ ಶಾಲೆಯ ಮಕ್ಕಳನ್ನು. ಐದು ತರಗತಿ ಸೇರಿ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರನ್ನು ಕೊಟ್ಟರೆ ಕಾನೂನು ಪೂರ್ತಿ ಪಾಲನೆಯಾಯಿತು. ಒಬ್ಬರು ಒಂದು, ಎರಡು, ಮೂರನೇ ತರಗತಿಯನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನ್ನು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಹುದು ಎಂದು ಸೆಕ್ಷನ್ 27 ಒಪ್ಪುತ್ತದೆ. ಅಂಥ ದಿನ ಒಬ್ಬರೇ ಶಿಕ್ಷಕರು, ಐದು ತರಗತಿ, 60 ಮಕ್ಕಳು. ಕಾನೂನು ಎಲ್ಲೂ ಮುರಿದಿಲ್ಲ.

ಜಪಾನಿನಲ್ಲೂ ಮಕ್ಕಳು ಕಡಿಮೆಯಿರುವ ಹಳ್ಳಿಗಳಲ್ಲಿ ಎರಡು ತರಗತಿ ಸೇರಿಸುತ್ತಾರೆ. ಆದರೆ ಅದಕ್ಕೂ ಮಿತಿ ಬರೆದಿಟ್ಟಿದ್ದಾರೆ: ಸೇರಿಸಿದ ಎರಡು ತರಗತಿಯ ಒಟ್ಟು ಮಕ್ಕಳು 16 ಮೀರುವಂತಿಲ್ಲ, ಅದರಲ್ಲಿ ಒಂದನೇ ತರಗತಿ ಇದ್ದರೆ 8 ಮೀರುವಂತಿಲ್ಲ. ಆರು ವರ್ಷದ ಮಗುವಿನ ಪಕ್ಕದಲ್ಲಿ ಶಿಕ್ಷಕರು ಹೆಚ್ಚು ಹೊತ್ತು ಕೂರಬೇಕಾಗುತ್ತದೆ ಎಂಬ ಅರಿವು ಆ 8ರಲ್ಲಿದೆ. ಒಂದನೇ ತರಗತಿಗೆ ಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. 1998ರ ಕಾಯ್ದೆಯಿಂದ ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳಿಗಿಂತ ಹೆಚ್ಚು ಇರಬಾರದು. ಅವಳಿಗಳಲ್ಲಿ ಒಬ್ಬರಿಗೆ ಸೀಟು ಸಿಕ್ಕು ಇನ್ನೊಬ್ಬರು ಹೊರಗುಳಿಯುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಮಗು ಏಳು ದಾಟಿ ಮುಂದಿನ ತರಗತಿಗೆ ಹೋದ ದಿನದಿಂದ ಯಾವ ಮಿತಿಯೂ ಇಲ್ಲ. ಹಾಗಾಗಿ ಶಾಲೆಯಲ್ಲಿ ಸೀಟು ಸಿಗದ ಪೋಷಕರು ಮೇಲ್ಮನವಿ ಹಾಕಿದರೆ, ಮಗುವಿನ ವಯಸ್ಸಿಗೆ ತಕ್ಕಂತೆ ಗೆಲ್ಲುವ ಅವಕಾಶವೇ ಬದಲಾಗುತ್ತದೆ. ಆರು ವರ್ಷದ ಮಗುವಿಗಾದರೆ "ಮೂವತ್ತು ತುಂಬಿದೆ" ಎಂಬ ಒಂದು ಮಾತಿಗೆ ಹೆಚ್ಚಿನ ಮನವಿಗಳು ಬಿದ್ದುಹೋಗುತ್ತವೆ. ಎಂಟು ವರ್ಷದ ಮಗುವಿಗಾದರೆ ಶಾಲೆಗಾಗುವ ತೊಂದರೆ ದೊಡ್ಡದೋ ಮಗುವಿಗಾಗುವ ತೊಂದರೆ ದೊಡ್ಡದೋ ಎಂದು ತೂಗಿ ನೋಡಬೇಕಾಗುತ್ತದೆ.

ದೇಶಗಳ ಶಿಕ್ಷಣ ವ್ಯವಸ್ಥೆಯನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ಸಂವಿಧಾನದ ವಾಕ್ಯಗಳನ್ನು ಪಕ್ಕಪಕ್ಕ ಇಡುತ್ತೇವೆ. ಎಲ್ಲ ಕಡೆಯೂ ಅವು ಚೆನ್ನಾಗಿಯೇ ಇವೆ. ಶಾಲೆಯ ಬಾಗಿಲೊಳಗೆ ಏನು ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಹಿಂದಿನ ಪುಟಗಳು: ಅನುಸೂಚಿ, ವ್ಯಾಖ್ಯೆಗಳು, ಹಣದ ಸೂತ್ರ, ನಿಯಮ ಮಾಡುವ ಅಧಿಕಾರ ಯಾರಿಗಿದೆ ಎಂಬ ಕಲಮು. ಹೊಸ ಶಿಕ್ಷಣ ಕಾಯ್ದೆ ಕೈಗೆ ಬಂದರೆ ನಾನು ಹಿಂದಿನಿಂದಲೇ ಓದುತ್ತೇನೆ. ಮೊದಲು ಸಂಖ್ಯೆಗಳು, ಆಮೇಲೆ ಆ ಸಂಖ್ಯೆಯನ್ನು ಯಾವುದರ ಮೇಲೆ ಎಣಿಸುತ್ತಾರೆ ಎಂಬುದು, ಆಮೇಲೆ ಅದು ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂಬುದು. ಪೀಠಿಕೆಯನ್ನು ಕೊನೆಗೆ ಓದಿದರೂ ಕಳೆದುಕೊಳ್ಳುವುದು ಕಡಿಮೆ.

"ಕಡ್ಡಾಯ ಶಿಕ್ಷಣ" ಎಂಬ ಮಾತನ್ನೇ ತೆಗೆದುಕೊಳ್ಳಿ. ಕಡ್ಡಾಯ, ಸರಿ, ಯಾರ ಮೇಲೆ?

ಭಾರತದ ಕಾಯ್ದೆಯ ಸೆಕ್ಷನ್ 8 ನೇರವಾಗಿ ಉತ್ತರ ಕೊಡುತ್ತದೆ: ಕಡ್ಡಾಯ ಎಂದರೆ ಸರ್ಕಾರದ ಬಾಧ್ಯತೆ. ಮಗುವಿನ ದಾಖಲಾತಿ, ಹಾಜರಿ, ಎಂಟನೇ ತರಗತಿ ಮುಗಿಸುವುದು, ಮೂರನ್ನೂ ಸರ್ಕಾರ ನೋಡಿಕೊಳ್ಳಬೇಕು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಸೆಕ್ಷನ್ 10 ಹೇಳುತ್ತದೆ, ಆದರೆ ತಪ್ಪಿದರೆ ದಂಡ ಇಲ್ಲ. ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಕೂಲಿಗೆ ವಲಸೆ ಹೋಗುವ ಕುಟುಂಬಕ್ಕೆ ದಂಡ ಹಾಕಿದರೆ ಮಗು ಶಾಲೆಗೆ ಬರುವುದಿಲ್ಲ, ಕುಟುಂಬ ಇನ್ನಷ್ಟು ದೂರ ಹೋಗುತ್ತದೆ, ಅಷ್ಟೆ.

ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯಲ್ಲಿ ಭಾರ ಪೋಷಕರ ಮೇಲೆ. ಮಗುವಿಗೆ ಅದರ ವಯಸ್ಸು, ಸಾಮರ್ಥ್ಯಕ್ಕೆ ತಕ್ಕ ಪೂರ್ಣಾವಧಿ ಶಿಕ್ಷಣ ಕೊಡಿಸಬೇಕು, "ಶಾಲೆಗೆ ನಿಯತವಾಗಿ ಹಾಜರಾಗುವ ಮೂಲಕ ಅಥವಾ ಬೇರೆ ರೀತಿಯಲ್ಲಿ" ಎನ್ನುತ್ತದೆ ಸೆಕ್ಷನ್ 7. ಆ ಕೊನೆಯ "ಅಥವಾ ಬೇರೆ ರೀತಿಯಲ್ಲಿ" ಎಂಬ ತುಣುಕಿನ ಮೇಲೆಯೇ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರ ಇಡೀ ಲೋಕ ಅಲ್ಲಿ ನಿಂತಿದೆ. ಜರ್ಮನಿಯ ರಾಜ್ಯ ಕಾನೂನುಗಳಲ್ಲಿ ಅಂಥ ತುಣುಕಿಲ್ಲ. ಮಗು ಶಾಲೆಗೇ ಬರಬೇಕು. ಧಾರ್ಮಿಕ ಕಾರಣಕ್ಕೆ ಮನೆಯಲ್ಲಿ ಕಲಿಸುತ್ತೇವೆ ಎಂದ ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು, 2006ರಲ್ಲಿ ನ್ಯಾಯಾಲಯ ಅರ್ಜಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಸ್ವೀಡನ್ 2010ರ ಕಾಯ್ದೆಯಲ್ಲಿ "ಅಸಾಧಾರಣ ಸಂದರ್ಭವಿದ್ದರೆ ಮಾತ್ರ" ಎಂದು ಬರೆದು ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ಫ್ರಾನ್ಸ್ 2021ರಲ್ಲಿ "ತಿಳಿಸಿದರೆ ಸಾಕು" ಎಂಬುದನ್ನು "ಅನುಮತಿ ಬೇಕು" ಎಂದು ಬದಲಿಸಿತು.

ಇನ್ನು "ನಿಯತವಾಗಿ" ಎಂಬ ಪದ. ಶಾಲಾ ಅವಧಿಯ ನಡುವೆ ಮಗಳನ್ನು ಅಮೆರಿಕದ ಪ್ರವಾಸಕ್ಕೆ ಕರೆದೊಯ್ದ ತಂದೆಯೊಬ್ಬರಿಗೆ ಇಂಗ್ಲೆಂಡಿನ ವೈಟ್ ದ್ವೀಪದ ಆಡಳಿತ ದಂಡ ಹಾಕಿತು. ಅವರು ಕಟ್ಟಲಿಲ್ಲ. ಮಗಳ ಹಾಜರಿ ಶೇಕಡಾ 90ರ ಮೇಲಿದೆ, ಇದು ನಿಯತವಲ್ಲದೆ ಮತ್ತೇನು ಎಂಬುದು ಅವರ ವಾದ. ಕೆಳ ಹಂತದಲ್ಲಿ ಗೆದ್ದರು, ಹೈಕೋರ್ಟಿನಲ್ಲೂ ಗೆದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಒಂದು ಪದಕ್ಕೆ ಮೂರು ಅರ್ಥ ಬಿಡಿಸಿಟ್ಟಿತು: ಸಮಾನ ಅಂತರದಲ್ಲಿ ಬರುವುದು, ಸಾಕಷ್ಟು ಸಲ ಬರುವುದು, ಶಾಲೆಯ ನಿಯಮದಂತೆ ಬರುವುದು. ಮೂರನೆಯದೇ ಸರಿ ಎಂದಿತು. ಆ ದಿನದಿಂದ, ಅನುಮತಿಯಿಲ್ಲದೆ ತಪ್ಪಿಸಿದ ಒಂದು ಅರ್ಧ ದಿನವೂ ಕಾನೂನಿನ ಕಣ್ಣಿಗೆ ಅಪರಾಧವಾಗಬಹುದು.

ಎಲ್ಲ ಗೈರಿಗೂ ದಂಡ ಹಾಕುತ್ತಾ ಹೋಗುವುದು ಸಾಧ್ಯವಿಲ್ಲವಾದ್ದರಿಂದ ಮತ್ತೆ ಸಂಖ್ಯೆಯೇ ಬೇಕಾಯಿತು. 2024ರ ಆಗಸ್ಟ್‌ನಿಂದ ಇಂಗ್ಲೆಂಡಿನಾದ್ಯಂತ ಒಂದೇ ಗೆರೆ: ಹತ್ತು ಶಾಲಾ ವಾರಗಳ ಒಳಗೆ ಅನುಮತಿಯಿಲ್ಲದ ಹತ್ತು ಅರ್ಧ ದಿನ. ದಂಡ 160 ಪೌಂಡ್, 21 ದಿನದೊಳಗೆ ಕಟ್ಟಿದರೆ 80. ಮೂರು ವರ್ಷದೊಳಗೆ ಎರಡನೇ ಸಲವಾದರೆ ರಿಯಾಯಿತಿ ಇಲ್ಲ. ಮೂರನೇ ಸಲಕ್ಕೆ ನೋಟಿಸೇ ಇಲ್ಲ, ನ್ಯಾಯಾಲಯದ ದಾರಿ. ದಂಡ ಪ್ರತಿ ಮಗುವಿಗೂ ಪ್ರತಿ ಪೋಷಕರಿಗೂ ಬೇರೆ ಬೇರೆ. ಎರಡು ಮಕ್ಕಳ ತಂದೆ ತಾಯಿಗೆ ಅದು ನಾಲ್ಕು ನೋಟಿಸು. ನೆದರ್ಲೆಂಡ್ಸ್‌ನಲ್ಲಿ ಗೆರೆ ಗಂಟೆಗಳಲ್ಲಿದೆ: ನಾಲ್ಕು ವಾರದಲ್ಲಿ 16 ಗಂಟೆ ಅನುಮತಿಯಿಲ್ಲದ ಗೈರಾದರೆ ಶಾಲೆ ವರದಿ ಮಾಡಲೇಬೇಕು. ಆದರೆ ವರದಿ ಹೋಗುವುದು ಹಾಜರಿಗೆಂದೇ ನೇಮಕವಾದ ಪುರಸಭೆಯ ಅಧಿಕಾರಿಗೆ. ಮಗು ಯಾಕೆ ಬರುತ್ತಿಲ್ಲ ಎಂದು ಕೇಳುವುದು ಅವರ ಮೊದಲ ಕೆಲಸ, ದಂಡದ ಮಾತು ಆಮೇಲೆ. ಒಂದೇ ಬಗೆಯ ಗೈರು, ಎರಡು ಕಾನೂನು. ಒಂದು ಕಡೆ ಪೋಷಕರು ಅಂಚೆಯಲ್ಲಿ ನೋಟಿಸು ನಿರೀಕ್ಷಿಸುತ್ತಾರೆ, ಇನ್ನೊಂದು ಕಡೆ ಮಾತುಕತೆಗೆ ಕರೆ.

ಹಣದ ಸೂತ್ರಕ್ಕೆ ಬರೋಣ. ಶಿಕ್ಷಣ ಕಾನೂನಿನ ಜೀವ ಇರುವುದು ಇಲ್ಲಿ.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಹಾಗಾಗಿ ಅದು ರಾಜ್ಯಗಳ ಪಾಲಾಯಿತು. ರಾಜ್ಯಗಳು ಶಾಲಾ ಜಿಲ್ಲೆಗಳನ್ನು ಮಾಡಿ, ಅವುಗಳ ಹಣದ ದೊಡ್ಡ ಪಾಲನ್ನು ಸ್ಥಳೀಯ ಆಸ್ತಿ ತೆರಿಗೆಗೆ ಕಟ್ಟಿಹಾಕಿದವು. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಎರಡು ಶಾಲಾ ಜಿಲ್ಲೆಗಳ 1967-68ರ ಲೆಕ್ಕ ಸುಪ್ರೀಂ ಕೋರ್ಟಿನ ದಾಖಲೆಯಲ್ಲೇ ಇದೆ. ಎಜ್‌ವುಡ್‌ನಲ್ಲಿ ಒಂದು ಮಗುವಿಗೆ ಲೆಕ್ಕ ಹಾಕಿದರೆ ಆಸ್ತಿಯ ಮೌಲ್ಯ 5,960 ಡಾಲರ್; ಅಲಾಮೊ ಹೈಟ್ಸ್‌ನಲ್ಲಿ 49,000ದ ಮೇಲೆ. ಬಡ ಜಿಲ್ಲೆಯ ಜನ ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡರು, ಶ್ರೀಮಂತ ಜಿಲ್ಲೆಯವರು 85 ಸೆಂಟ್. ಹೆಚ್ಚು ತೆರಿಗೆ ಕೊಟ್ಟ ಎಜ್‌ವುಡ್‌ಗೆ ತನ್ನ ಜೇಬಿನಿಂದ ಮಗುವಿಗೆ ಕೂಡಿದ್ದು 26 ಡಾಲರ್, ಅಲಾಮೊ ಹೈಟ್ಸ್‌ಗೆ 333. ರಾಜ್ಯ ಸರ್ಕಾರ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಮೊತ್ತ ಕೊಟ್ಟಿತು: 222 ಮತ್ತು 225. ಕೇಂದ್ರದಿಂದ 108 ಮತ್ತು 36. ಎಲ್ಲ ಕೂಡಿ ಎಜ್‌ವುಡ್‌ನ ಮಗುವಿಗೆ 356 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 594.

ಈ ಅಂಕಿಗಳನ್ನು ನಿಧಾನವಾಗಿ ಇನ್ನೊಮ್ಮೆ ನೋಡಿ. ಎಜ್‌ವುಡ್‌ನ ಪೋಷಕರು ಸೋಮಾರಿಗಳಾಗಿರಲಿಲ್ಲ, ಶಾಲೆಯ ಬಗ್ಗೆ ಅಸಡ್ಡೆ ಇದ್ದವರೂ ಅಲ್ಲ. ಹೆಚ್ಚಿನ ದರದಲ್ಲಿ ತೆರಿಗೆ ಕೊಟ್ಟವರು ಅವರೇ. ಸೂತ್ರವೇ ಅವರ ಶ್ರಮವನ್ನು ನುಂಗಿತು. 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಶಿಕ್ಷಣ ಅಮೆರಿಕದ ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕಲ್ಲ ಎಂದು ಹೇಳಿ ಅವರನ್ನು ಬರಿಗೈಯಲ್ಲಿ ಕಳಿಸಿತು. ಆಮೇಲೆ ಹೋರಾಟ ರಾಜ್ಯಗಳ ಸಂವಿಧಾನದ ಕಡೆ ತಿರುಗಿತು. ಟೆಕ್ಸಾಸಿನ ಸಂವಿಧಾನದಲ್ಲಿ "ದಕ್ಷವಾದ" ಉಚಿತ ಸಾರ್ವಜನಿಕ ಶಾಲಾ ವ್ಯವಸ್ಥೆ ಇರಬೇಕು ಎಂಬ ಮಾತಿತ್ತು. 1989ರಲ್ಲಿ ಅದೇ ಎಜ್‌ವುಡ್ ಜಿಲ್ಲೆ ಆ ಒಂದು ವಿಶೇಷಣವನ್ನು ಹಿಡಿದು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದ ತೀರ್ಪು ಪಡೆಯಿತು. ಶ್ರೀಮಂತ ಜಿಲ್ಲೆಗಳ ಹೆಚ್ಚುವರಿ ತೆರಿಗೆಯನ್ನು ಬಡ ಜಿಲ್ಲೆಗಳಿಗೆ ಹಂಚುವ ಕಾನೂನು 1993ರಲ್ಲಿ ಬಂತು.

ಬ್ರೆಜಿಲ್ ಇದನ್ನು ಸಂವಿಧಾನದಲ್ಲೇ ಬಿಗಿಯಿತು. 1988ರ ಸಂವಿಧಾನದ ಪ್ರಕಾರ ಕೇಂದ್ರ ಸರ್ಕಾರ ತನ್ನ ತೆರಿಗೆ ಆದಾಯದ ಕನಿಷ್ಠ ಶೇ. 18, ರಾಜ್ಯ ಮತ್ತು ಪುರಸಭೆಗಳು ಶೇ. 25 ಶಿಕ್ಷಣಕ್ಕೆ ಕೊಡಬೇಕು. ಶೇಕಡಾವಾರಿನಲ್ಲಿ ಒಂದು ತೊಂದರೆಯಿದೆ: ಬಡ ಪುರಸಭೆಯ ಶೇ. 25 ಎಂದರೆ ಸಣ್ಣ ಮೊತ್ತವೇ. ಅದಕ್ಕೆ 1996ರಲ್ಲಿ ಪ್ರತಿ ರಾಜ್ಯದೊಳಗೆ ಒಂದು ನಿಧಿ ಮಾಡಿ, ಈ ಹಣದ ದೊಡ್ಡ ಪಾಲನ್ನು ಅದಕ್ಕೆ ಸುರಿದು, ಶಾಲೆಯಲ್ಲಿರುವ ಮಕ್ಕಳ ಸಂಖ್ಯೆಗೆ ತಕ್ಕಂತೆ ವಾಪಸ್ ಹಂಚುವ ವ್ಯವಸ್ಥೆ ತಂದರು. ಮಗು ಯಾವ ಪುರಸಭೆಯ ಶಾಲೆಯಲ್ಲಿದೆಯೋ ಹಣ ಅಲ್ಲಿಗೆ. ದಾಖಲಾತಿ ಏರಿತು. ಆದರೆ ಎಣಿಕೆಗೆ ಸೇರಿದ್ದು ಎಂಟು ವರ್ಷದ ಮೂಲ ಶಿಕ್ಷಣದ ಮಕ್ಕಳು ಮಾತ್ರ. ಶಿಶುವಿಹಾರದ ಮಗುವಿಗೂ ಪ್ರೌಢಶಾಲೆಯ ಮಗುವಿಗೂ ಆ ನಿಧಿಯಿಂದ ಬಿಡಿಗಾಸಿಲ್ಲ, ಹಾಗಾಗಿ ಅವೆರಡೂ ಸೊರಗಿದವು. 2007ರಿಂದ ಹೊಸ ನಿಧಿಯಲ್ಲಿ ಅವರನ್ನೂ ಎಣಿಸತೊಡಗಿದರು. 2020ರಲ್ಲಿ ಅದನ್ನು ಶಾಶ್ವತಗೊಳಿಸಿ, ಕೇಂದ್ರದ ಪಾಲನ್ನು ಶೇ. 10ರಿಂದ 2026ರ ಹೊತ್ತಿಗೆ ಶೇ. 23ಕ್ಕೆ ಏರಿಸುವ ತಿದ್ದುಪಡಿ ಮಾಡಿದರು.

ಎಣಿಸಿದ್ದು ಬೆಳೆಯುತ್ತದೆ, ಎಣಿಸದ್ದು ಬಾಡುತ್ತದೆ. ಚಿಲಿಯಲ್ಲಿ ಎಣಿಕೆ ದಾಖಲಾತಿಯದ್ದಲ್ಲ, ಹಾಜರಿಯದ್ದು. ಮಗು ಎಷ್ಟು ದಿನ ಬಂದಿದೆ ಎಂಬುದರ ಮೇಲೆ ಶಾಲೆಗೆ ಅನುದಾನ. ಮಗುವನ್ನು ಶಾಲೆಗೆ ಕರೆತರಲು ಇದು ಒಳ್ಳೆಯ ಪ್ರೇರಣೆ ಎನಿಸುತ್ತದೆ. ಆದರೆ ಶಿಕ್ಷಕರ ಸಂಬಳ ಹಾಜರಿಗೆ ತಕ್ಕಂತೆ ಇಳಿಯುವುದಿಲ್ಲ. ಜ್ವರ ಹರಡಿದ ಚಳಿಗಾಲದಲ್ಲಿ ಬಡ ಬಡಾವಣೆಯ ಶಾಲೆಯ ಖರ್ಚು ಅಷ್ಟೇ ಇರುತ್ತದೆ, ಆದಾಯ ಕುಸಿಯುತ್ತದೆ. ಮಕ್ಕಳು ಹೆಚ್ಚು ಗೈರಾಗುವ ಶಾಲೆಗೇ ಹೆಚ್ಚು ಸಹಾಯ ಬೇಕು, ಸೂತ್ರ ಅಲ್ಲಿಂದಲೇ ಕಿತ್ತುಕೊಳ್ಳುತ್ತದೆ. ಅನುದಾನ ಪಡೆಯುವ ಶಾಲೆಗಳು ಲಾಭ ಮಾಡಬಾರದು, ಮಕ್ಕಳನ್ನು ಆಯ್ದು ಸೇರಿಸಿಕೊಳ್ಳಬಾರದು, ಪೋಷಕರಿಂದ ಶುಲ್ಕ ತೆಗೆದುಕೊಳ್ಳುವುದನ್ನು ಹಂತ ಹಂತವಾಗಿ ನಿಲ್ಲಿಸಬೇಕು ಎಂದು 2015ರ ಕಾನೂನು ಹೇಳಿತು. 2006ರಲ್ಲಿ ಪ್ರೌಢಶಾಲೆಯ ಮಕ್ಕಳು ಬೀದಿಗಿಳಿದು ಶುರುಮಾಡಿದ ಹೋರಾಟದ ಫಲ ಅದು. ಹಾಜರಿಯ ಸೂತ್ರ ಮಾತ್ರ ಆಗಲೂ ಉಳಿಯಿತು.

ಕೆಲವು ಕಾನೂನುಗಳ ನಿಜವಾದ ಪರಿಣಾಮ ಇನ್ನೊಂದು ಹಳೆಯ ಕಾನೂನಿನಲ್ಲಿ ಅಡಗಿರುತ್ತದೆ. ಫ್ರಾನ್ಸ್ 2019ರಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸನ್ನು ಆರರಿಂದ ಮೂರಕ್ಕೆ ಇಳಿಸಿತು. ದೊಡ್ಡ ಸುಧಾರಣೆಯಂತೆ ಕಾಣುತ್ತದೆ, ಆದರೆ ಮೂರು ವರ್ಷದ ಮಕ್ಕಳಲ್ಲಿ ಶೇ. 97ರಷ್ಟು ಜನ ಆಗಲೇ ಶಾಲೆಯಲ್ಲಿದ್ದರು. ಹಾಗಾದರೆ ಬದಲಾಗಿದ್ದೇನು? 1959ರ ದೆಬ್ರೆ ಕಾನೂನಿನ ಪ್ರಕಾರ, ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಖಾಸಗಿ ಶಾಲೆಗಳ ಕಡ್ಡಾಯ ತರಗತಿಗಳ ನಿರ್ವಹಣೆಗೆ ಪುರಸಭೆ ಹಣ ಕೊಡಬೇಕು. ಶಿಶುವಿಹಾರ ಕಡ್ಡಾಯವಲ್ಲದಿದ್ದಾಗ ಅದರ ಹಣ ಪುರಸಭೆಯ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಕಡ್ಡಾಯವಾದ ದಿನವೇ ಅದು ಬಾಧ್ಯತೆಯಾಯಿತು. ಹೊಸದಾಗಿ ಶಾಲೆಗೆ ಬಂದ ಮಕ್ಕಳಿಗಿಂತ ಹೊಸದಾಗಿ ಖಾಸಗಿ ಶಿಶುವಿಹಾರಗಳಿಗೆ ಹರಿದ ಹಣದ ಬಗ್ಗೆಯೇ ಅಲ್ಲಿ ಹೆಚ್ಚು ಚರ್ಚೆಯಾಯಿತು.

ಫಿನ್ಲೆಂಡಿನಲ್ಲಿ ಇದೇ ಬಗೆಯ ಕೊಂಡಿ ಮಕ್ಕಳ ಪರವಾಗಿ ಕೆಲಸ ಮಾಡಿತು. 2021ರ ಆಗಸ್ಟ್‌ನಿಂದ ಕಡ್ಡಾಯ ಶಿಕ್ಷಣ 16ರಿಂದ 18ರ ವಯಸ್ಸಿಗೆ ಏರಿತು. ಕಡ್ಡಾಯ ಎಂದ ಮೇಲೆ ಅದರ ಖರ್ಚನ್ನು ಮನೆಯವರ ಮೇಲೆ ಹಾಕುವುದು ಸಲ್ಲದು ಎಂಬುದು ಅಲ್ಲಿನ ತತ್ವ. ಅಲ್ಲಿಯವರೆಗೆ ಪ್ರೌಢ ಹಂತದಲ್ಲಿ ಪಾಠ ಉಚಿತ, ಊಟ ಉಚಿತ, ಆದರೆ ಪುಸ್ತಕ, ಕಂಪ್ಯೂಟರ್, ವೃತ್ತಿ ಶಿಕ್ಷಣದ ಸಲಕರಣೆ ಎಲ್ಲ ಮನೆಯವರ ಖರ್ಚು. ಕಾನೂನು ಬದಲಾದ ಮೇಲೆ ಅವೂ ಉಚಿತವಾದವು. ಅದೇ ದೇಶದ ಮೂಲ ಶಿಕ್ಷಣ ಕಾಯ್ದೆಯಲ್ಲಿ ಇನ್ನೊಂದು ಸಂಖ್ಯೆಯಿದೆ: ಶಾಲೆ ಐದು ಕಿಲೋಮೀಟರಿಗಿಂತ ದೂರವಿದ್ದರೆ ಪುರಸಭೆ ಉಚಿತ ಸಾರಿಗೆ ಕೊಡಬೇಕು, ಕಾಯುವ ಹೊತ್ತೂ ಸೇರಿ ದಿನದ ಪ್ರಯಾಣ ಎರಡೂವರೆ ಗಂಟೆ ಮೀರಬಾರದು, ಹದಿಮೂರು ದಾಟಿದ ಮಕ್ಕಳಿಗೆ ಮೂರು ಗಂಟೆ. ಬಸ್ಸಿಗಾಗಿ ಕಾಯುವ ಹೊತ್ತನ್ನೂ ಪ್ರಯಾಣಕ್ಕೆ ಸೇರಿಸಿದ ಆ ಒಂದು ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಹಿಮದ ಕತ್ತಲಲ್ಲಿ ನಿಲ್ದಾಣದಲ್ಲಿ ನಿಂತ ಏಳು ವರ್ಷದ ಮಗುವನ್ನು ಕಣ್ಣೆದುರು ಇಟ್ಟುಕೊಂಡವರಿಗೆ ಮಾತ್ರ ಅಂಥ ಕಲಮು ಬರೆಯಲು ಸಾಧ್ಯ.

ಹಕ್ಕು ಕೊಟ್ಟರೆ ಸಾಲದು, ಅದನ್ನು ಪಡೆಯುವ ದಾರಿಗೆ ದಿನಗಳ ಲೆಕ್ಕವೂ ಇರಬೇಕು. ಅಮೆರಿಕದ ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣ ಕಾನೂನು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲ 1975ರಲ್ಲಿದೆ. ಪೋಷಕರು ಒಪ್ಪಿಗೆ ಕೊಟ್ಟ 60 ದಿನದೊಳಗೆ, ಅಥವಾ ರಾಜ್ಯ ಬೇರೆ ಅವಧಿ ಗೊತ್ತುಮಾಡಿದ್ದರೆ ಅದರೊಳಗೆ, ಮಗುವಿಗೆ ಅಂಗವೈಕಲ್ಯವಿದೆಯೇ ಎಂಬ ಪರೀಕ್ಷೆ ಮುಗಿಯಬೇಕು. ಮಗು ಅರ್ಹ ಎಂದಾದ 30 ದಿನದೊಳಗೆ ಆ ಮಗುವಿಗೆಂದೇ ಕಲಿಕಾ ಯೋಜನೆ ಬರೆಯುವ ಸಭೆ ಸೇರಬೇಕು, ಪೋಷಕರೂ ಅದರ ಸದಸ್ಯರು. ವರ್ಷಕ್ಕೊಮ್ಮೆ ಪರಿಶೀಲನೆ, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಜಗಳವಾದರೆ ತಟಸ್ಥ ಅಧಿಕಾರಿಯ ಮುಂದೆ ವಿಚಾರಣೆ, ಅದು ಮುಗಿಯುವವರೆಗೆ ಮಗು ಇದ್ದ ಜಾಗದಲ್ಲೇ ಇರಬೇಕು, ಶಾಲೆ ಹೊರಹಾಕುವಂತಿಲ್ಲ. ಹಣದ ವಿಷಯದಲ್ಲಿ ಕಾನೂನು ಸೋತಿದೆ: ಪ್ರತಿ ಮಗುವಿನ ಸರಾಸರಿ ವೆಚ್ಚದ ಶೇ. 40ರವರೆಗೆ ಕೇಂದ್ರ ಕೊಡಬಹುದು ಎಂದು ಬರೆದದ್ದು ಇಲ್ಲಿಯವರೆಗೆ ಒಂದು ವರ್ಷವೂ ಆ ಮಟ್ಟ ಮುಟ್ಟಿಲ್ಲ. ಆದರೂ ಪೋಷಕರ ಕೈಯಲ್ಲಿ ತಾರೀಖುಗಳಿವೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ, ವಯಸ್ಸಿನಲ್ಲಿ ಶಿಕ್ಷಣ ಹಕ್ಕು ಕಾಯ್ದೆಗಿಂತ ಉದಾರವಾಗಿದೆ. ಆದರೆ ಅರ್ಜಿ ಕೊಟ್ಟ ಎಷ್ಟು ದಿನಕ್ಕೆ ಶಾಲೆ ಏನು ಮಾಡಬೇಕು ಎಂಬ ಇಂಥ ಮೆಟ್ಟಿಲುಗಳು ಅದರಲ್ಲಿಲ್ಲ. ತಾಯಿಯೊಬ್ಬರು ಮುಖ್ಯ ಶಿಕ್ಷಕರ ಮುಂದೆ ಕೂತಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಅರ್ಥವಾಗುತ್ತದೆ.

ಮುಟ್ಟಲಾಗದ ಗುರಿ ಬರೆದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಪಾಠ. 2002ರ ಜನವರಿಯಲ್ಲಿ ಸಹಿಯಾದ ಕಾನೂನು, 2014ರ ಹೊತ್ತಿಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಎಂದಿತು. ಎಲ್ಲರೂ, ಎಂದರೆ ನೂರಕ್ಕೆ ನೂರು. ಮುಟ್ಟದ ಶಾಲೆಗಳಿಗೆ ವರ್ಷವರ್ಷ ಬಿಗಿಯಾಗುವ ಶಿಕ್ಷೆ. ಆದರೆ ಆ "ಮಟ್ಟ" ಯಾವುದು ಎಂದು ತೀರ್ಮಾನಿಸುವ ಅಧಿಕಾರವನ್ನು ರಾಜ್ಯಗಳಿಗೇ ಬಿಟ್ಟಿತು. ಹಲವು ರಾಜ್ಯಗಳು ಪರೀಕ್ಷೆಯ ಉತ್ತೀರ್ಣ ಗೆರೆಯನ್ನು ಕೆಳಗಿಳಿಸಿದವು. ಶಾಲೆಗಳಲ್ಲಿ ಗೆರೆಯ ಹತ್ತಿರವಿದ್ದ ಮಕ್ಕಳಿಗೆ ಗಮನವೆಲ್ಲ ಹೋಯಿತು. ತೀರಾ ಹಿಂದಿದ್ದವರು ಹಿಂದೆಯೇ ಉಳಿದರು. 2015ರಲ್ಲಿ ಬಂದ ಹೊಸ ಕಾನೂನು ಆ ಗುರಿಯನ್ನು ಕೈಬಿಟ್ಟಿತು.

ಕೊನೆಯದಾಗಿ, ಒಂದು ಕಾಯ್ದೆ, ಒಂದು ಕಲಮು, ಎರಡು ರಾಜ್ಯ. ಭಾರತದ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 12(1)(ಸಿ): ಅನುದಾನರಹಿತ ಖಾಸಗಿ ಶಾಲೆ ಒಂದನೇ ತರಗತಿಯ ಕನಿಷ್ಠ ಶೇ. 25 ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು. ಸರ್ಕಾರ ಶಾಲೆಗೆ ಮರುಪಾವತಿ ಮಾಡುತ್ತದೆ. ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿಗೆ ಆಗುವ ಖರ್ಚು, ಆ ಖಾಸಗಿ ಶಾಲೆಯ ಶುಲ್ಕ, ಈ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು, 2014ರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು. ಕರ್ನಾಟಕ 2019ರಲ್ಲಿ ಕಾಯ್ದೆಯ ಒಂದಕ್ಷರವನ್ನೂ ಮುಟ್ಟದೆ ತನ್ನ ನಿಯಮವನ್ನಷ್ಟೇ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಪಟ್ಟಿಗೆ ಬರುವುದಿಲ್ಲ. ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ಎಷ್ಟಿದ್ದೀತು? ಲಕ್ಷದ ಮೇಲಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದ ಒಳಗೆ ಬಂದವು. ಹೈಕೋರ್ಟ್ ಆ ತಿದ್ದುಪಡಿಯನ್ನು ಒಪ್ಪಿತು. ಮಹಾರಾಷ್ಟ್ರ 2024ರಲ್ಲಿ ಒಂದು ಕಿಲೋಮೀಟರ್ ಗೆರೆ ಹಾಕಿ ಹೆಚ್ಚುಕಡಿಮೆ ಅದೇ ನಿಯಮ ತಂದಾಗ, ಬಾಂಬೆ ಹೈಕೋರ್ಟ್ ಅದು ಕಾಯ್ದೆಗೇ ವಿರುದ್ಧ ಎಂದು ರದ್ದು ಮಾಡಿತು.

ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಖಾಸಗಿ ಶಾಲೆಗೆ ಕೊಡುವ ಹಣವನ್ನು ನಮ್ಮ ಶಾಲೆಗೇ ಹಾಕೋಣ ಎಂಬ ಕರ್ನಾಟಕದ ವಾದದಲ್ಲಿ ತೂಕವಿದೆ. ಅದನ್ನು ಹೇಳಬೇಕಾದ ಜಾಗ ಶಾಸನಸಭೆ. ನಿಯಮದ ಪುಸ್ತಕದ ಒಂದು ಸಾಲಿನಲ್ಲಿ ಅಲ್ಲ ಎಂಬುದು ನನ್ನ ತಕರಾರು. ಉಳಿದ ಸೀಟುಗಳಲ್ಲಿ ಒಂದು ಸಿಕ್ಕ ಪೋಷಕರು ಗಮನಿಸಬೇಕಾದ್ದು ಇನ್ನೊಂದಿದೆ. ಈ ಕಲಮು ಮಗುವನ್ನು ಕಾಯುವುದು ಎಂಟನೇ ತರಗತಿ ಮುಗಿಯುವವರೆಗೆ. ಒಂಬತ್ತನೇ ತರಗತಿಯ ಮೊದಲ ದಿನ ಅದೇ ಶಾಲೆ, ಅದೇ ಗೆಳೆಯರ ನಡುವೆ ಪೂರ್ತಿ ಶುಲ್ಕ ಕೇಳಬಹುದು, ಕಾಯ್ದೆ ಅದನ್ನು ತಡೆಯುವುದಿಲ್ಲ. ಮಗು ಏಳನೇ ತರಗತಿಯಲ್ಲಿರುವಾಗಲೇ ಆ ಶುಲ್ಕ ಎಷ್ಟೆಂದು ಲಿಖಿತವಾಗಿ ಕೇಳಿ ಪಡೆಯಿರಿ, ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಯಾವ ಮಾಧ್ಯಮದಲ್ಲಿ ಪಾಠ ನಡೆಯುತ್ತದೆ ಎಂದು ಹೋಗಿ ವಿಚಾರಿಸಿ. ತೀರ್ಮಾನಿಸಲು ಒಂದೂವರೆ ವರ್ಷ ಕೈಯಲ್ಲಿರುತ್ತದೆ.